ಕೊರೊನಾ ಸೋಂಕಿನ ನಡುವೆ ಕಾಲೇಜು ಕ್ರೀಡಾ ಋತು: ಮಕ್ಕಳನ್ನು ಅಂಗಳಕ್ಕೆ ಇಳಿಸಬಹುದೇ?

ಮಲೆನಾಡ ಹಕ್ಕಿ
12 ಆಗಸ್ಟ್ 2020

ನಿನ್ನೆ ಅಮೆರಿಕದ ಕಾಲೇಜು ಕ್ರೀಡಾ ಒಕ್ಕೂಟಗಳಾದ ಬಿಗ್ ಟೆನ್ ಮತ್ತು ಪ್ಯಾಕ್-12 ಈ ಶರತ್ಕಾಲದ ಪಂದ್ಯಗಳನ್ನೆಲ್ಲ ಮುಂದೂಡಿವೆ. ಕಳೆದ ಶನಿವಾರ ಮಿಡ್-ಅಮೆರಿಕನ್ ಒಕ್ಕೂಟವೂ ಇದನ್ನೇ ಮಾಡಿತ್ತು. ಎಸ್‌ಇಸಿ, ಎಸಿಸಿ, ಬಿಗ್ 12 ಎಂಬ ದೊಡ್ಡ ಒಕ್ಕೂಟಗಳು ಮಾತ್ರ ಸೆಪ್ಟೆಂಬರಿನಲ್ಲಿ ಆಡಿಯೇ ತೀರುವ ಹಟದಲ್ಲಿವೆ. ವೈರಾಣು ಒಂದೇ, ಮಕ್ಕಳ ವಯಸ್ಸೂ ಒಂದೇ. ಹಾಗಿದ್ದೂ ಒಂದು ಒಕ್ಕೂಟದ ವೈದ್ಯರು ಬೇಡ ಎನ್ನುತ್ತಾರೆ, ಇನ್ನೊಂದು ಒಕ್ಕೂಟದವರು ಆಗಬಹುದು ಎನ್ನುತ್ತಾರೆ. ನನಗೆ ದಿಕ್ಕು ತೋಚುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಗಳು ಒಂದು ವಿಶ್ವವಿದ್ಯಾಲಯದ ವಾಲಿಬಾಲ್ ತಂಡದಲ್ಲಿದ್ದಾಳೆ, ಈಗ ಮೂರನೇ ವರ್ಷ. ಮಾರ್ಚ್ ಮಧ್ಯದಲ್ಲಿ ಮನೆಗೆ ಬಂದವಳು ಗ್ಯಾರೇಜಿನ ಗೋಡೆಯ ಮೇಲೆ ಏಳು ಅಡಿ ನಾಲ್ಕು ಇಂಚು ಎತ್ತರಕ್ಕೆ ಹಸಿರು ಅಂಟುಪಟ್ಟಿ ಎಳೆದಳು. ಅದು ಅವಳ ನೆಟ್. ನಾಲ್ಕು ತಿಂಗಳು ದಿನವೂ ಬೆಳಿಗ್ಗೆ ಅದೇ ಗೋಡೆಗೆ ಚೆಂಡು ಹೊಡೆದಳು. ಪಟ್ಟಿಯ ಮೇಲ್ಭಾಗದಲ್ಲಿ ಚೆಂಡಿನ ಗುರುತುಗಳು ಒಂದರ ಮೇಲೊಂದು ಕೂತು ಗೋಡೆ ಬೂದು ಬಣ್ಣಕ್ಕೆ ತಿರುಗಿದೆ. ಅವಳು ಮತ್ತೆ ಕಾಲೇಜಿಗೆ ಹೋದ ಮೇಲೂ ನಾನು ಅದನ್ನು ಒರೆಸಿಲ್ಲ.

ಜುಲೈನಲ್ಲಿ ಅಭ್ಯಾಸಕ್ಕೆ ಕರೆದರು, ಹೋದಳು. ಎರಡನೇ ವಾರದಲ್ಲಿ ತಂಡದ ಇಬ್ಬರು ಹುಡುಗಿಯರಿಗೆ ಸೋಂಕು ತಗುಲಿತು. ಕಾಲೇಜಿನಿಂದ ನಮಗೆ ಒಂದು ಸಾಲಿನ ಮಿಂಚಂಚೆಯೂ ಬರಲಿಲ್ಲ. ಮಗಳೇ ಫೋನ್ ಮಾಡಿ ಹೇಳಿದ್ದರಿಂದ ಗೊತ್ತಾಯಿತು. ನಿರ್ಧಾರದಷ್ಟೇ ನನ್ನನ್ನು ನೋಯಿಸಿದ್ದು ಈ ಮೌನ. ಕ್ರೀಡೆ ಬೇಡ ಎನ್ನುವವಳು ನಾನಲ್ಲ. ಆದರೆ ಆರಂಭಿಸುವುದೋ ಬೇಡವೋ ಎಂದು ಇಷ್ಟು ಜನ ಚರ್ಚಿಸುತ್ತಿರುವಾಗ, ಆಡಬೇಕಾದ ಮಕ್ಕಳನ್ನು ಯಾರಾದರೂ ಕೂರಿಸಿಕೊಂಡು ಕೇಳಿದ್ದಾರೆಯೇ?

ಶನಿವಾರದ ಆಟ
12 ಆಗಸ್ಟ್ 2020

ಮೇಡಂ, ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೂ ನಾನು ಆಡಲಿ ಎನ್ನುವ ಕಡೆಯವನು, ಕಾರಣ ಹೇಳುತ್ತೇನೆ.

ಮಕ್ಕಳನ್ನು ಕೇಳಿಲ್ಲ ಎಂದಿರಿ. ಅವರೇ ಬಾಯಿ ಬಿಟ್ಟು ಹೇಳುತ್ತಿದ್ದಾರಲ್ಲ! ಭಾನುವಾರದಿಂದ ಕ್ಲೆಮ್ಸನ್‌ನ ಟ್ರೆವರ್ ಲಾರೆನ್ಸ್, ಓಹಿಯೋ ಸ್ಟೇಟ್‌ನ ಜಸ್ಟಿನ್ ಫೀಲ್ಡ್ಸ್ ಸೇರಿ ಎಷ್ಟೋ ಕಾಲೇಜು ಫುಟ್‌ಬಾಲ್ (ಸಾಕರ್ ಅಲ್ಲ, ಅಮೆರಿಕನ್ ಫುಟ್‌ಬಾಲ್) ಆಟಗಾರರು ನಮಗೆ ಆಡಬೇಕು ಎಂದು ಬಹಿರಂಗವಾಗಿ ಬರೆದಿದ್ದಾರೆ. ತಂಡದೊಳಗಿದ್ದರೆ ವೈದ್ಯರಿರುತ್ತಾರೆ, ಪರೀಕ್ಷೆ ಇರುತ್ತದೆ, ಹೊತ್ತಿಗೆ ಸರಿಯಾದ ಊಟ ಇರುತ್ತದೆ. ಮನೆಗೆ ಕಳಿಸಿಬಿಟ್ಟರೆ ಇದಾವುದೂ ಸಿಗದ ಹುಡುಗರು ಎಷ್ಟೋ ಮಂದಿ. ಇಪ್ಪತ್ತು ವರ್ಷದ ಹುಡುಗನಿಗೆ ಶಿಸ್ತು ಕೊಡುತ್ತಿದ್ದ ಒಂದೇ ಒಂದು ಸಂಗತಿಯನ್ನು ಕಿತ್ತುಕೊಂಡು, ಇನ್ನು ಸುರಕ್ಷಿತವಾಗಿರು ಎಂದರೆ ಅವನು ಎಲ್ಲಿ ಹೋಗಬೇಕು?

1918ರ ಇನ್‌ಫ್ಲುಯೆಂಜಾ ಕಾಲದಲ್ಲೂ ಕಾಲೇಜು ಫುಟ್‌ಬಾಲ್ ಪೂರ್ತಿ ನಿಲ್ಲಲಿಲ್ಲ. ಜಾರ್ಜಿಯಾ ಟೆಕ್ ಪಂದ್ಯದಲ್ಲಿ ಮಾಸ್ಕ್ ಕಟ್ಟಿಕೊಂಡು ಕೂತ ಪ್ರೇಕ್ಷಕರ ಫೋಟೊ ನೋಡಿರಬಹುದು.

ಲೆಕ್ಕದ ಪುಸ್ತಕ
12 ಆಗಸ್ಟ್ 2020

ಆ ಫೋಟೊ ನಿಜ. ಅದೇ ಶರತ್ಕಾಲದಲ್ಲಿ ಎಷ್ಟೋ ಪಂದ್ಯಗಳು ರದ್ದಾದದ್ದೂ ಅಷ್ಟೇ ನಿಜ.

ಇನ್ನೊಂದು ಮಾತು. ಆಡಬೇಕು ಎಂದು ಬರೆದ ಆಟಗಾರರು ಅದರ ಜೊತೆಗೇ ಏನು ಕೇಳಿದ್ದಾರೆ ಎಂಬುದನ್ನೂ ನೋಡಿ. ಎಲ್ಲ ಒಕ್ಕೂಟಗಳಿಗೂ ಒಂದೇ ಸುರಕ್ಷತಾ ನಿಯಮ ಬೇಕು, ಭಯದಿಂದ ಆಡದವನಿಗೆ ಕಾಲೇಜು ತಂಡದಲ್ಲಿ ಆಡುವ ಅರ್ಹತೆ ಉಳಿಯಬೇಕು, ತಮ್ಮ ಪರವಾಗಿ ಮಾತಾಡಲು ಆಟಗಾರರ ಸಂಘ ಬೇಕು. ಪ್ಯಾಕ್-12ರ ಆಟಗಾರರು ಈ ತಿಂಗಳ ಆರಂಭದಲ್ಲೇ ಇಂಥ ಬೇಡಿಕೆ ಮುಂದಿಟ್ಟಿದ್ದರು. ಸುದ್ದಿಯಲ್ಲಿ ಉಳಿದದ್ದು ಮಾತ್ರ ಆಡಬೇಕು ಎಂಬ ಒಂದೇ ಪದ.

ಎದೆಬಡಿತ
13 ಆಗಸ್ಟ್ 2020

ನಾನು ಹೃದ್ರೋಗ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ಒಕ್ಕೂಟಗಳು ಹಿಂಜರಿದದ್ದಕ್ಕೆ ಒಂದು ಕಾರಣ ಮಯೋಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿನ ಉರಿಯೂತ. ಇದು ಕೊರೊನಾಕ್ಕೆ ಮಾತ್ರ ಸೇರಿದ್ದಲ್ಲ, ಬೇರೆ ವೈರಾಣುಗಳಿಂದಲೂ ಬರುತ್ತದೆ. ಆದರೆ ಆಟಗಾರರ ವಿಷಯದಲ್ಲಿ ಇದರ ಅಪಾಯ ಬೇರೆಯೇ. ಉರಿಯೂತ ಇರುವ ಹೃದಯ ವಿಶ್ರಾಂತಿಯಲ್ಲಿ ಏನೂ ಆಗಿಲ್ಲವೆಂಬಂತೆ ಬಡಿಯುತ್ತಿರಬಹುದು. ಅದೇ ಹೃದಯವನ್ನು ನಿಮಿಷಕ್ಕೆ 180 ಬಡಿತದವರೆಗೆ ಓಡಿಸಿದಾಗ ಲಯ ತಪ್ಪಿ ಕುಸಿದು ಬೀಳುವ ಸಂಭವವಿದೆ. ಎಳೆಯ ಕ್ರೀಡಾಪಟುಗಳ ಹಠಾತ್ ಸಾವಿಗೆ ಇರುವ ಕಾರಣಗಳಲ್ಲಿ ಇದೂ ಒಂದು. ಅದಕ್ಕಾಗಿಯೇ ಮಯೋಕಾರ್ಡೈಟಿಸ್ ಪತ್ತೆಯಾದವರು ಮೂರರಿಂದ ಆರು ತಿಂಗಳು ಸ್ಪರ್ಧೆಗೆ ಇಳಿಯಬಾರದು ಎಂಬ ನಿಯಮವಿದೆ.

ಕಳೆದ ತಿಂಗಳ ಕೊನೆಯಲ್ಲಿ ಬಂದ ಜರ್ಮನಿಯ ಅಧ್ಯಯನದಲ್ಲಿ, ಕೊರೊನಾದಿಂದ ಚೇತರಿಸಿಕೊಂಡ 100 ಮಂದಿಯಲ್ಲಿ 78 ಮಂದಿಯ ಹೃದಯದಲ್ಲಿ ಎಂಆರ್‌ಐ ಏನಾದರೂ ಬದಲಾವಣೆ ತೋರಿಸಿತು. ಅವರು ಕ್ರೀಡಾಪಟುಗಳಲ್ಲ, ವಯಸ್ಸಿನಲ್ಲೂ ಹಿರಿಯರು. ಆ ಸಂಖ್ಯೆಯನ್ನು ನಿಮ್ಮ ಮಗಳಿಗೆ ಹಾಗೆಯೇ ಅನ್ವಯಿಸಬೇಡಿ. ಆದರೆ ಬಾಸ್ಟನ್ ರೆಡ್ ಸಾಕ್ಸ್‌ನ ಬೇಸ್‌ಬಾಲ್ ಎಸೆತಗಾರ ಎಡ್ವಾರ್ಡೊ ರೊಡ್ರಿಗೆಸ್‌ಗೆ ಇನ್ನೂ 27 ವರ್ಷ. ಸೋಂಕಿನ ನಂತರ ಇದೇ ತೊಂದರೆ ಕಾಣಿಸಿಕೊಂಡು ಅವರು ಈ ವರ್ಷದ ಆಟವನ್ನೇ ಬಿಡಬೇಕಾಯಿತು.

ಇಂದಿನ ಮಾಹಿತಿಯಲ್ಲಿ ನನ್ನ ಅಭಿಪ್ರಾಯ: ಕಾಯಿರಿ. ಮಾಹಿತಿ ಬದಲಾದರೆ ಇಲ್ಲಿಯೇ ಬಂದು ಹೇಳುತ್ತೇನೆ.

ಹೊಸ ಓದುಗ
14 ಆಗಸ್ಟ್ 2020

ನಾನು ಭಾರತದಲ್ಲಿರುವವನು. ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರರನ್ನು ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಹೊರಗಿನವರ ಸಂಪರ್ಕವಿಲ್ಲದಂತೆ ಇರಿಸಿ, ಜುಲೈ 30ರಿಂದ ಪಂದ್ಯ ನಡೆಸುತ್ತಿದ್ದಾರೆ. ಕಾಲೇಜು ತಂಡಗಳಿಗೂ ಹಾಗೆ ಮಾಡಬಹುದಲ್ಲ?

ಲೆಕ್ಕದ ಪುಸ್ತಕ
14 ಆಗಸ್ಟ್ 2020

ತಪ್ಪು ತಿಳಿಯುವಂಥದ್ದೇನಿಲ್ಲ, ಇಡೀ ಚರ್ಚೆಯ ಗಂಟು ಇರುವುದೇ ಅಲ್ಲಿ. ಎನ್‌ಬಿಎ ಆಟಗಾರ ಸಂಬಳ ಪಡೆಯುವ ನೌಕರ, ಅವನ ಬೆನ್ನಿಗೆ ಸಂಘವಿದೆ. ಆ ಸಂಘ ಮಾಲೀಕರ ಎದುರು ಕೂತು ಷರತ್ತು ಮಾತಾಡಿದ ಮೇಲೆ ಅವರು ಡಿಸ್ನಿಗೆ ಹೋದದ್ದು. ಕಾಲೇಜು ಆಟಗಾರನಿಗೆ ಸಂಬಳವಿಲ್ಲ. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಕಣ್ಣಲ್ಲಿ ಅವನು ಮೊದಲು ವಿದ್ಯಾರ್ಥಿ, ಆಮೇಲೆ ಕ್ರೀಡಾಪಟು. ವಿದ್ಯಾರ್ಥಿ ಎಂದ ಮೇಲೆ ತರಗತಿಗೆ ಹೋಗಬೇಕು, ಹಾಸ್ಟೆಲಿನಲ್ಲಿರಬೇಕು. ಅವನನ್ನು ಮೂರು ತಿಂಗಳು ಹೋಟೆಲಿನಲ್ಲಿ ಕೂಡಿಹಾಕಿ ಆಡಿಸಿದರೆ, ಅವನು ನೌಕರನೇ ಎಂದು ತಾವೇ ಒಪ್ಪಿಕೊಂಡಂತೆ.

ನಾನು ಹಲವು ವರ್ಷ ಒಂದು ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿದ್ದೆ. ದೊಡ್ಡ ಕ್ರೀಡಾ ವಿಭಾಗಗಳಲ್ಲಿ ಫುಟ್‌ಬಾಲ್ ದುಡಿಯುತ್ತದೆ, ಸ್ವಲ್ಪ ಮಟ್ಟಿಗೆ ಪುರುಷರ ಬ್ಯಾಸ್ಕೆಟ್‌ಬಾಲ್ ದುಡಿಯುತ್ತದೆ. ಈಜು, ಓಟ, ಕುಸ್ತಿ, ವಾಲಿಬಾಲ್ ಎಲ್ಲ ಬಹುತೇಕ ಆ ಹಣದಲ್ಲೇ ಬದುಕುತ್ತವೆ. ಮಾರ್ಚ್ 12ರಂದು ಎನ್‌ಸಿಎಎ ತನ್ನ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ರದ್ದು ಮಾಡಿತು. ಪರಿಣಾಮ, ಕಾಲೇಜುಗಳಿಗೆ ಹಂಚಬೇಕಿದ್ದ 60 ಕೋಟಿ ಡಾಲರ್ 22.5 ಕೋಟಿಗೆ ಇಳಿಯಿತು. ಜುಲೈ 8ರಂದು ಸ್ಟ್ಯಾನ್‌ಫರ್ಡ್ ತನ್ನ 36 ಕ್ರೀಡೆಗಳಲ್ಲಿ 11ನ್ನು ಕೈಬಿಡುವುದಾಗಿ ಪ್ರಕಟಿಸಿತು. ಅಷ್ಟು ಶ್ರೀಮಂತ ಸಂಸ್ಥೆಯ ಗತಿಯೇ ಇದು. ಹಾಗಾಗಿ ಫುಟ್‌ಬಾಲ್ ನಿಲ್ಲಿಸಿದರೆ ಮುಚ್ಚಿಹೋಗುವುದು ಹಕ್ಕಿಯವರ ಮಗಳಂಥವರ ಆಟ ಎಂಬ ವಾದದಲ್ಲಿ ಹುರುಳಿದೆ. ಆದರೆ ಆ ಹೊರೆಯನ್ನು ಸಂಬಳವಿಲ್ಲದ ಹುಡುಗರ ಎದೆಯ ಮೇಲೆ ಇಡುವುದು ನ್ಯಾಯವೇ? ನನಗೆ ಅಲ್ಲ ಎನಿಸುತ್ತದೆ.

ಓಟಗಾರ
15 ಆಗಸ್ಟ್ 2020

ಹಿರಿಯರೆಲ್ಲ ಮಾತಾಡುತ್ತಿದ್ದೀರಿ, ನಾನೊಬ್ಬ ಆಟಗಾರ. ಹಳೆಯ ಎಂಟು ಖಾಸಗಿ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಐವಿ ಲೀಗ್‌ನ ಒಂದು ಕಾಲೇಜಿನಲ್ಲಿ ಕ್ರಾಸ್ ಕಂಟ್ರಿ ಓಡುತ್ತೇನೆ, ಓಡುತ್ತಿದ್ದೆ ಎನ್ನಬೇಕೇನೋ. ನಮ್ಮ ಲೀಗ್ ಜುಲೈ 8ರಂದೇ, ಎಲ್ಲರಿಗಿಂತ ಮೊದಲು, ವರ್ಷ ಮುಗಿಯುವವರೆಗೆ ಯಾವ ಪಂದ್ಯವೂ ಇಲ್ಲ ಎಂದಿತು. ನಮ್ಮಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ ಕಾರಣ ಹಣದ ಒತ್ತಡವೂ ಕಡಿಮೆ. ಅದಕ್ಕೇ ಅವರಿಗೆ ಬೇಗ ನಿರ್ಧರಿಸಲು ಆಯಿತು.

ನಿರ್ಧಾರ ಸರಿ ಎಂದು ತಲೆ ಹೇಳುತ್ತದೆ. ಕಾಲುಗಳು ಕೇಳುವುದಿಲ್ಲ. ನನಗಿದು ಕೊನೆಯ ವರ್ಷ. ಬೆಳಿಗ್ಗೆ ಐದೂವರೆಗೆ ಎದ್ದು ಒಬ್ಬನೇ 14 ಕಿಲೋಮೀಟರ್ ಓಡಿ ಬರುತ್ತೇನೆ. ಕೊನೆಯ ಏರಿನಲ್ಲಿ ಯಾವಾಗಲೂ ನನ್ನ ಎಡಗಡೆ ಒಬ್ಬ ಗೆಳೆಯನ ಉಸಿರು ಕೇಳುತ್ತಿತ್ತು. ಈಗಲೂ ಆ ಜಾಗಕ್ಕೆ ಬಂದಾಗ ಕಿವಿ ಅದಕ್ಕಾಗಿ ಕಾಯುತ್ತದೆ. ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ಏಕೆ ಇಡುತ್ತೀರಿ ಎಂಬುದು ನನ್ನ ಪ್ರಶ್ನೆ. ಎನ್‌ಸಿಎಎ ಮಾರ್ಗಸೂಚಿಯೇ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್‌ಗಳನ್ನು ಹೆಚ್ಚು ಅಪಾಯದ ಗುಂಪಿಗೂ, ಗಾಲ್ಫ್, ಟೆನಿಸ್‌ಗಳನ್ನು ಕಡಿಮೆ ಅಪಾಯದ ಗುಂಪಿಗೂ ಸೇರಿಸಿದೆ. ಬಯಲಲ್ಲಿ, ಅಂತರ ಬಿಟ್ಟು, ಪಕ್ಕದ ಕಾಲೇಜಿನೊಡನೆ ಒಂದೇ ಒಂದು ಓಟ ಇಟ್ಟರೂ ಸಾಕಿತ್ತು.

ಮಲೆನಾಡ ಹಕ್ಕಿ
15 ಆಗಸ್ಟ್ 2020

ಮಗು, ನಿನ್ನ ಮಾತು ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಓಡುವುದನ್ನು ಬಿಡಬೇಡ.

ಲೆಕ್ಕದ ಪುಸ್ತಕ
18 ಆಗಸ್ಟ್ 2020

ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್ ಆವರಣದ ಸುದ್ದಿ ನೋಡಿದಿರಾ? ತರಗತಿ ಶುರುವಾಗಿ ಒಂದೇ ವಾರ. ಹಾಸ್ಟೆಲುಗಳಲ್ಲಿ ಸೋಂಕು ಹಬ್ಬಿ, ಪದವಿ ತರಗತಿಗಳನ್ನೆಲ್ಲ ಆನ್‌ಲೈನ್‌ಗೆ ಬದಲಾಯಿಸಿದ್ದಾರೆ. ಇಂದು ನೋಟರ್ ಡೇಮ್ ಕೂಡ ಎರಡು ವಾರ ಮುಖಾಮುಖಿ ಪಾಠ ನಿಲ್ಲಿಸಿದೆ.

ನಾವೆಲ್ಲ ಅಂಗಳವನ್ನೇ ನೋಡುತ್ತಾ ಕೂತಿದ್ದೇವೆ. ಸೋಂಕು ಬರುತ್ತಿರುವುದು ಹಂಚಿಕೊಂಡ ಕೋಣೆಯಿಂದ, ಊಟದ ಮೇಜಿನಿಂದ, ಶುಕ್ರವಾರ ರಾತ್ರಿಯ ಕೂಟದಿಂದ. ಅಲ್ಲಿ ತಡೆಯಲಾಗದಿದ್ದರೆ ಅಂಗಳದಲ್ಲಿ ಎಷ್ಟು ಚೆಂಡು ಒರೆಸಿದರೂ ಫಲವಿಲ್ಲ.

ಶನಿವಾರದ ಆಟ
18 ಆಗಸ್ಟ್ 2020

ನೋಡಿದೆ ಸರ್. ಆದರೆ ಇದರಿಂದ ನನ್ನ ವಾದಕ್ಕೂ ಬಲ ಬರುತ್ತದೆ ಎಂದುಕೊಳ್ಳುತ್ತೇನೆ. ಆವರಣ ಖಾಲಿಯಾದರೆ ಉಳಿದ ತಂಡಕ್ಕೆ ಸೋಂಕು ತಗಲುವ ದಾರಿಗಳೇ ಕಡಿಮೆಯಾಗುತ್ತವೆ.

ಎದೆಬಡಿತ
18 ಆಗಸ್ಟ್ 2020

ರೋಗದ ಲೆಕ್ಕದಲ್ಲಿ ನೀವು ಹೇಳುವುದು ಸರಿ. ಆದರೆ ಉಳಿದ ವಿದ್ಯಾರ್ಥಿಗಳಿಗೆ ಇಲ್ಲಿರುವುದು ಸುರಕ್ಷಿತವಲ್ಲ, ಮನೆಗೆ ಹೋಗಿ ಎಂದು ಹೇಳಿ, ಅದೇ ಬಾಯಲ್ಲಿ ಆಟಗಾರನಿಗೆ ನೀನು ಇರು ಎನ್ನುವುದನ್ನು ಯೋಚಿಸಿ. ಅವನು ಮೊದಲು ವಿದ್ಯಾರ್ಥಿ ಎಂದವರು ಯಾರು?

ಮಲೆನಾಡ ಹಕ್ಕಿ
17 ಸೆಪ್ಟೆಂಬರ್ 2020

ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ. ನಿನ್ನೆ ಬಿಗ್ ಟೆನ್ ತನ್ನ ನಿರ್ಧಾರ ಬದಲಾಯಿಸಿತು. ಅಕ್ಟೋಬರ್ 23ರ ವಾರಾಂತ್ಯದಿಂದ ಫುಟ್‌ಬಾಲ್. ದಿನವೂ ಆಂಟಿಜೆನ್ ಪರೀಕ್ಷೆ, ಸೋಂಕು ತಗುಲಿದವರಿಗೆ ಹೃದಯದ ತಪಾಸಣೆ. ವಾಲಿಬಾಲ್, ಸಾಕರ್, ಹಾಕಿ, ಕ್ರಾಸ್ ಕಂಟ್ರಿ ಬಗ್ಗೆ ಆಮೇಲೆ ತಿಳಿಸುತ್ತೇವೆ ಎಂಬ ಒಂದು ಸಾಲು.

ಆ ಸಾಲನ್ನು ಎಷ್ಟು ಸಲ ಓದಿದೆನೋ. ಪರೀಕ್ಷೆಯ ವ್ಯವಸ್ಥೆ ಆಯಿತು, ಆದ್ದರಿಂದ ಆಡಬಹುದು ಎಂಬುದು ವೈದ್ಯಕೀಯ ಕಾರಣವಾದರೆ ನನಗೆ ಸಂತೋಷವೇ. ಹಾಗಾದರೆ ಹನ್ನೆರಡು ಹದಿನೈದು ಹುಡುಗಿಯರ ತಂಡಕ್ಕೆ ದಿನಾಂಕ ಕೊಡುವುದು, ನೂರಕ್ಕೂ ಹೆಚ್ಚು ಹುಡುಗರ ತಂಡಕ್ಕೆ ಕೊಡುವುದಕ್ಕಿಂತ ಸುಲಭವಾಗಬೇಕಿತ್ತಲ್ಲ? ಫುಟ್‌ಬಾಲ್ ಹುಡುಗರ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ, ಅವರೂ ಯಾರದೋ ಮನೆಯ ಮಕ್ಕಳು. ಆದರೆ ಸುರಕ್ಷತೆ ಎಂಬ ಮಾತನ್ನು ಹಣವಿರುವ ಆಟಕ್ಕೆ ಒಂದು ಅರ್ಥದಲ್ಲಿ, ಇಲ್ಲದ ಆಟಕ್ಕೆ ಇನ್ನೊಂದು ಅರ್ಥದಲ್ಲಿ ಬಳಸಿದಾಗ, ನಾಳೆ ಅವರು ನಿಜವಾಗಿಯೂ ಅಪಾಯವಿದೆ ಎಂದರೂ ಯಾರು ನಂಬುತ್ತಾರೆ?

ರಾತ್ರಿ ಮಗಳಿಗೆ ಫೋನ್ ಮಾಡಿದೆ. “ಅಮ್ಮ, ನಮ್ಮ ಅಭ್ಯಾಸ ಎಂದಿನಂತೆ ಇದೆ, ಯಾವುದಕ್ಕೆ ಅಭ್ಯಾಸ ಅಂತ ಮಾತ್ರ ಗೊತ್ತಿಲ್ಲ” ಎಂದಳು. ನಾನು ಬೇರೆ ಮಾತಿಗೆ ಹೊರಳಿದೆ.

ಎದೆಬಡಿತ
17 ಸೆಪ್ಟೆಂಬರ್ 2020

ಅಕ್ಕ, ನಿಮ್ಮ ಪ್ರಶ್ನೆಗೆ ವೈದ್ಯಕೀಯದಲ್ಲಿ ಉತ್ತರವಿಲ್ಲ. ಆದರೆ ಬಿಗ್ ಟೆನ್ ಪ್ರಕಟಿಸಿದ ನಿಯಮಗಳನ್ನು ಓದಿದೆ, ಹಗುರವಾಗಿ ಬರೆದದ್ದಲ್ಲ. ಸೋಂಕಿತ ಆಟಗಾರ ಕನಿಷ್ಠ 21 ದಿನ ಪಂದ್ಯಕ್ಕೆ ಇಳಿಯುವಂತಿಲ್ಲ. ಇಸಿಜಿ, ಎಕೋ, ರಕ್ತಪರೀಕ್ಷೆ, ಹೃದಯದ ಎಂಆರ್‌ಐ ಎಲ್ಲ ಆಗಿ ಹೃದ್ರೋಗ ತಜ್ಞರು ಒಪ್ಪಬೇಕು. ತಂಡದ ಪರೀಕ್ಷೆಗಳಲ್ಲಿ ಪಾಸಿಟಿವ್ ಪ್ರಮಾಣ ಶೇ. 5ನ್ನೂ, ತಂಡದ ಸುತ್ತಲಿನವರೆಲ್ಲ ಸೇರಿದ ಲೆಕ್ಕದಲ್ಲಿ ಸೋಂಕು ಶೇ. 7.5ನ್ನೂ ದಾಟಿದರೆ ಕನಿಷ್ಠ ಏಳು ದಿನ ಆಟ, ಅಭ್ಯಾಸ ಎರಡೂ ಬಂದ್. ಆಗಸ್ಟಿನಲ್ಲಿ ಇದರ ಅರ್ಧದಷ್ಟೂ ಇರಲಿಲ್ಲ.

ಕಳೆದ ವಾರ ಓಹಿಯೋ ಸ್ಟೇಟ್ ವೈದ್ಯರ ವರದಿ ಬಂದಿದೆ. ಸೋಂಕಿನಿಂದ ಚೇತರಿಸಿಕೊಂಡ 26 ಕಾಲೇಜು ಕ್ರೀಡಾಪಟುಗಳ ಎಂಆರ್‌ಐಯಲ್ಲಿ ನಾಲ್ವರಿಗೆ ಮಯೋಕಾರ್ಡೈಟಿಸ್‌ನ ಲಕ್ಷಣ ಕಂಡಿದೆ. ಯಾರೂ ಆಸ್ಪತ್ರೆ ಸೇರಿದವರಲ್ಲ. 26 ಎಂಬುದು ಸಣ್ಣ ಸಂಖ್ಯೆ. ಅದು ಸಣ್ಣದೆಂದು ಗೊತ್ತಿದ್ದೂ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಶನಿವಾರದ ಆಟ
8 ನವೆಂಬರ್ 2020

ಈ ಚರ್ಚೆಯಲ್ಲಿ ಆಡಲಿ ಎಂದು ಗಟ್ಟಿಯಾಗಿ ವಾದಿಸಿದವನು ನಾನು, ಆದ್ದರಿಂದ ಇದನ್ನೂ ನಾನೇ ಬರೆಯಬೇಕು.

ನಿನ್ನೆ ರಾತ್ರಿ ನೋಟರ್ ಡೇಮ್ ಮತ್ತು ಕ್ಲೆಮ್ಸನ್ ಪಂದ್ಯ. ಲಾರೆನ್ಸ್‌ಗೆ ಅಕ್ಟೋಬರ್ ಕೊನೆಯಲ್ಲಿ ಸೋಂಕು ಕಾಣಿಸಿಕೊಂಡಿತ್ತು, ಹಾಗಾಗಿ ಅವರು ಬದಿಯಲ್ಲಿ ನಿಂತು ನೋಡಬೇಕಾಯಿತು. ಎರಡು ಹೆಚ್ಚುವರಿ ಅವಧಿಗಳ ನಂತರ ನೋಟರ್ ಡೇಮ್‌ಗೆ 47-40ರ ಗೆಲುವು. ಈ ವರ್ಷ ನಾನು ನೋಡಿದ ಅತ್ಯುತ್ತಮ ಆಟ, ಅದರಲ್ಲಿ ಎರಡು ಮಾತಿಲ್ಲ. ಕೊನೆಯ ಕ್ಷಣದಲ್ಲಿ ನಾನು ಸೋಫಾದಿಂದ ಎದ್ದು ಕೂಗಿದೆ.

ಆಮೇಲೆ ವಿದ್ಯಾರ್ಥಿಗಳು ತಡೆಗೋಡೆ ಹಾರಿ ಅಂಗಳಕ್ಕೆ ನುಗ್ಗಿದರು. 77 ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಕ್ರೀಡಾಂಗಣಕ್ಕೆ ಅಂತರ ಕಾಯ್ದುಕೊಳ್ಳಲೆಂದು ಸುಮಾರು 11 ಸಾವಿರ ಜನರನ್ನು ಮಾತ್ರ ಬಿಟ್ಟಿದ್ದರು. ಒಂದೆರಡು ನಿಮಿಷದಲ್ಲಿ ಅವರಲ್ಲಿ ಸಾವಿರಾರು ಮಂದಿ ಒಂದೇ ಕಡೆ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ವಾರಗಟ್ಟಲೆ ಪರೀಕ್ಷೆ ಮಾಡಿಸಿಕೊಂಡು ಎಚ್ಚರದಿಂದ ಇದ್ದ ಆಟಗಾರರು ಅದರ ನಡುವೆ ಸಿಲುಕಿದ್ದರು. ನನ್ನ ಕೂಗು ಗಂಟಲಲ್ಲೇ ಉಳಿಯಿತು.

ಆಟಗಾರರನ್ನು ಕಾಯಬಹುದು ಎಂದು ನಾನು ಹೇಳಿದ್ದು ಇಂದಿಗೂ ತಪ್ಪೆನಿಸುವುದಿಲ್ಲ. ಆದರೆ ಆಟ ಎಂದರೆ ಆಟಗಾರರು ಮಾತ್ರ ಎಂದುಕೊಂಡಿದ್ದೆ, ಅದು ತಪ್ಪು. ಲೆಕ್ಕದ ಪುಸ್ತಕದವರೇ, ಡಾಕ್ಟರೇ, ನೀವು ಆವರಣದ ಬಗ್ಗೆ ಹೇಳಿದಾಗ ನಾನು ಸರಿಯಾಗಿ ಕಿವಿಗೊಡಲಿಲ್ಲ.

ಓಟಗಾರ
9 ನವೆಂಬರ್ 2020

ಇಷ್ಟು ನೇರವಾಗಿ ಬರೆದದ್ದಕ್ಕೆ ವಂದನೆ ಸರ್. ನಾನೂ ಆ ಪಂದ್ಯ ನೋಡಿದೆ. ಅಂಗಳಕ್ಕೆ ಓಡಿದ ಹುಡುಗರ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಅಸೂಯೆ. ಅದಕ್ಕೆ ನಾಚಿಕೆಯೂ ಆಯಿತು.

ಎದೆಬಡಿತ
6 ಮಾರ್ಚ್ 2021

ಮಾಹಿತಿ ಬದಲಾದರೆ ಬರುತ್ತೇನೆ ಎಂದಿದ್ದೆ. ಬದಲಾಗಿದೆ.

ವೃತ್ತಿಪರ ಲೀಗ್‌ಗಳು ಸೇರಿ ನಡೆಸಿದ ಅಧ್ಯಯನ ಈ ವಾರ ಪ್ರಕಟವಾಗಿದೆ. ಸೋಂಕಿನಿಂದ ಚೇತರಿಸಿಕೊಂಡ 789 ಕ್ರೀಡಾಪಟುಗಳನ್ನು ತಪಾಸಣೆ ಮಾಡಿದಾಗ ಹೃದಯದ ಉರಿಯೂತ ಕಂಡದ್ದು ಐವರಲ್ಲಿ. ಶೇಕಡಾ ಒಂದಕ್ಕಿಂತ ಕಡಿಮೆ. ಆಗಸ್ಟಿನಲ್ಲಿ ನಾನು ಹೆದರಿದ್ದಕ್ಕಿಂತ ಅಪಾಯ ಎಷ್ಟೋ ಚಿಕ್ಕದು. ಇಲ್ಲಿ ಒಂದು ಎಚ್ಚರಿಕೆ: ಓಹಿಯೋ ಸ್ಟೇಟ್‌ನವರು ಎಲ್ಲರಿಗೂ ಎಂಆರ್‌ಐ ಮಾಡಿದ್ದರು, ಇಲ್ಲಿ ಮೊದಲ ಪರೀಕ್ಷೆಗಳಲ್ಲಿ ಅನುಮಾನ ಬಂದವರಿಗೆ ಮಾತ್ರ ಮಾಡಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು.

ಆಗಸ್ಟಿನಲ್ಲಿ ಕಾಯಿರಿ ಎಂದದ್ದನ್ನು ಹಿಂತೆಗೆದುಕೊಳ್ಳುತ್ತೀರಾ ಎಂದು ಕೇಳಿದರೆ, ಇಲ್ಲ. ಆ ದಿನ ಈ ಐವರ ಲೆಕ್ಕ ಯಾರ ಕೈಯಲ್ಲೂ ಇರಲಿಲ್ಲ. ಆದರೆ ಆಗ ನನ್ನ ಬರಹ ಓದಿ ರಾತ್ರಿಯೆಲ್ಲ ಚಿಂತಿಸಿದ ತಂದೆತಾಯಂದಿರಿಗೆ ಈ ಸುದ್ದಿಯೂ ಅಷ್ಟೇ ಗಟ್ಟಿಯಾಗಿ ತಲುಪಬೇಕು, ಅದು ನನ್ನ ಹೊಣೆ.

ಮಲೆನಾಡ ಹಕ್ಕಿ
21 ಮಾರ್ಚ್ 2021

ಡಾಕ್ಟರೇ, ತುಂಬ ಉಪಕಾರವಾಯಿತು. ಮಗಳಿಗೂ ಕಳಿಸಿದೆ.

ಅವಳ ಋತು ಕೊನೆಗೂ ಜನವರಿಯಲ್ಲಿ ಶುರುವಾಯಿತು. ಶರತ್ಕಾಲದ ಆಟ ಹಿಮದ ದಿನಗಳಲ್ಲಿ. ನಮ್ಮನ್ನು ಒಳಗೆ ಬಿಡುವುದಿಲ್ಲ, ಫೋನಿನಲ್ಲೇ ನೋಡುತ್ತೇನೆ. ಖಾಲಿ ಒಳಾಂಗಣದಲ್ಲಿ ಚೆಂಡು ನೆಲಕ್ಕೆ ಬಿದ್ದ ಸದ್ದು ದೊಡ್ಡದಾಗಿ ಮಾರ್ದನಿಸುತ್ತದೆ. ಹುಡುಗಿಯರು ಮಾಸ್ಕ್ ಹಾಕಿಕೊಂಡೇ ಜಿಗಿಯುತ್ತಾರೆ. ಸೆಟ್ ಮುಗಿಯುವ ಹೊತ್ತಿಗೆ ಬೆವರಿನಲ್ಲಿ ನೆಂದ ಬಟ್ಟೆ ಮೂಗಿಗೆ ಅಂಟಿಕೊಂಡಿರುತ್ತದೆ. ಎರಡು ಬೆರಳಲ್ಲಿ ಅದನ್ನು ಮುಂದಕ್ಕೆ ಎಳೆದು ಒಮ್ಮೆ ಉಸಿರು ತೆಗೆದುಕೊಂಡು ಮತ್ತೆ ಸರ್ವ್ ಮಾಡುತ್ತಾಳೆ. ಇದುವರೆಗೆ ಮೂರು ಪಂದ್ಯಗಳು ರದ್ದಾಗಿವೆ. ಅದರಲ್ಲೊಂದು ಬಸ್ ಹತ್ತಿ ಕೂತ ಮೇಲೆ ರದ್ದಾಯಿತು, ಎದುರಾಳಿ ತಂಡದಲ್ಲಿ ಒಬ್ಬಳಿಗೆ ಸೋಂಕು ಎಂದು.

ನಿನ್ನೆ ಇಂಡಿಯಾನಾದಲ್ಲಿ ಪುರುಷರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಿಂದ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ (ವಿಸಿಯು) ತಂಡ ಸೋಂಕಿನ ಕಾರಣಕ್ಕೆ ಒಂದು ಪಂದ್ಯವನ್ನೂ ಆಡದೆ ಹೊರಬಿತ್ತು. ಆ ಹುಡುಗರ ಮುಖ ನೆನೆದರೆ ಹೊಟ್ಟೆ ಚುರುಕ್ ಎನ್ನುತ್ತದೆ. ಅದೇ ವಾರ ಸ್ಯಾನ್ ಆಂಟೋನಿಯೊದಲ್ಲಿ ಮಹಿಳೆಯರ ಪಂದ್ಯಾವಳಿಗೆ ವ್ಯಾಯಾಮಕ್ಕೆಂದು ಕೊಟ್ಟದ್ದು ಒಂದು ಸಣ್ಣ ಡಂಬೆಲ್ ಗೂಡು. ಪುರುಷರಿಗೆ ವಿಶಾಲವಾದ ವ್ಯಾಯಾಮಶಾಲೆ. ಆರೆಗನ್ ಆಟಗಾರ್ತಿ ಸೆಡೋನಾ ಪ್ರಿನ್ಸ್ ವಿಡಿಯೊ ಹಾಕಿದ ಮೇಲೆ ಸರಿಪಡಿಸಿದರು. ಜಾಗ ಇಲ್ಲವೆಂದು ಮೊದಲು ಹೇಳಿದ್ದರು, ವಿಡಿಯೊದಲ್ಲಿ ಜಾಗ ಬೇಕಾದಷ್ಟಿತ್ತು. ಸೆಪ್ಟೆಂಬರಿನಲ್ಲಿ ನಾನು ಬರೆದದ್ದೂ ಇದನ್ನೇ.

ಈಗ ಲೆಕ್ಕದ ಪುಸ್ತಕದವರಿಗೆ ಒಂದು ಪ್ರಶ್ನೆ. ಶರತ್ಕಾಲದ ಆಟಗಾರರಿಗೆಲ್ಲ ಒಂದು ವರ್ಷ ಹೆಚ್ಚುವರಿ ಆಡುವ ಅರ್ಹತೆಯನ್ನು ಎನ್‌ಸಿಎಎ ಕಳೆದ ಆಗಸ್ಟಿನಲ್ಲೇ ಕೊಟ್ಟಿತು. ಮಗಳು ಅದನ್ನು ಬಳಸಿಕೊಳ್ಳಬೇಕು ಎನ್ನುತ್ತಿದ್ದಾಳೆ. ಆ ವರ್ಷದ ವಿದ್ಯಾರ್ಥಿವೇತನವೂ ಸಿಗುತ್ತದೆಯೇ?

ಲೆಕ್ಕದ ಪುಸ್ತಕ
21 ಮಾರ್ಚ್ 2021

ಅರ್ಹತೆ ಕೊಟ್ಟಿರುವುದು ಎನ್‌ಸಿಎಎ, ಹಣ ಕೊಡಬೇಕಾದದ್ದು ಕಾಲೇಜು. ಒಂದು ಸಿಕ್ಕಿತೆಂದು ಇನ್ನೊಂದು ತಾನಾಗಿಯೇ ಬರುವುದಿಲ್ಲ. ಕೋಚ್ ಬಾಯಿಮಾತಿನಲ್ಲಿ ನೋಡೋಣ ಎಂದರೆ ಅಲ್ಲಿಗೆ ಬಿಡಬೇಡಿ. ಎಷ್ಟು ಮೊತ್ತ, ಯಾವ ಸೆಮಿಸ್ಟರಿನವರೆಗೆ, ಗಾಯವಾದರೆ ಮುಂದುವರಿಯುತ್ತದೆಯೇ ಎಂಬ ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಪತ್ರದ ಕರಡು ಬೇಕಿದ್ದರೆ ನಾನು ಬರೆದುಕೊಡುತ್ತೇನೆ.

ಮಲೆನಾಡ ಹಕ್ಕಿ
21 ಮಾರ್ಚ್ 2021

ಬೇಕು. ದಯವಿಟ್ಟು ಕಳಿಸಿ. ಪತ್ರಕ್ಕೆ ಸಹಿ ಅವಳೇ ಹಾಕಲಿ.